ಹೊಸ ಮನೆಗೆ ಸ್ಮಾರ್ಟ್ ಉಪಕರಣ ಎಷ್ಟು ಬೇಕು, ಯಾವುದು ಬೇಡ?

ಹೊಸಮನೆ ತುಮಕೂರು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಆರ್‌ಸಿಸಿ ಮುಗಿದಿದೆ. ಗೋಡೆ ಕೊರೆದು ವೈರಿಂಗ್ ಪೈಪ್ ಕೂರಿಸುವ ಕೆಲಸ ಮುಂದಿನ ವಾರ ಶುರುವಾಗುತ್ತದೆ. ಎಲ್ಲೆಲ್ಲಿ ಏನೇನು ಪಾಯಿಂಟ್ ಬೇಕು ಎಂದು ಎಲೆಕ್ಟ್ರಿಷಿಯನ್ ಪಟ್ಟಿ ಕೇಳುತ್ತಿದ್ದಾರೆ.

ಹೋಮ್ ಆಟೊಮೇಷನ್ ಮಾಡಿಕೊಡುವ ಸಂಸ್ಥೆಯೊಂದು ಇಡೀ ಮನೆಗೆ ಮೂರೂವರೆ ಲಕ್ಷ ರೂಪಾಯಿಯ ಅಂದಾಜು ಕೊಟ್ಟಿದೆ. ಎಲ್ಲ ಕೋಣೆಗಳಿಗೂ ಟಚ್ ಸ್ವಿಚ್, ತಾವಾಗಿ ಸರಿಯುವ ಪರದೆ, ಬೆರಳಚ್ಚಿನ ಬೀಗ, ಒಳಗೂ ಹೊರಗೂ ಸೇರಿ ಆರು ಕ್ಯಾಮೆರಾ, ಮಾತಿಗೆ ಹತ್ತುವ ದೀಪ. ಮನೆಯಲ್ಲಿ ನಾನು, ಪತ್ನಿ, ಎಂಟನೆಯ ತರಗತಿಯ ಮಗಳು, ನನ್ನ ತಂದೆ ತಾಯಿ ಇದ್ದೇವೆ. ಟ್ಯಾಂಕ್ ತುಂಬಿದಾಗ ಮೋಟರ್ ತಾನಾಗಿ ನಿಂತರೆ ಸಾಕು, ಮಿಕ್ಕಿದ್ದು ಬೇಡ ಎನ್ನುವುದು ಪತ್ನಿಯ ಮಾತು. ತಂದೆಗೆ ಅದೂ ಬೇಡ. ನನಗೆ ಆಸೆ ಇದೆ, ಆದರೆ ಇಷ್ಟು ಹಣಕ್ಕೆ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಬಹುದಲ್ಲ ಎಂಬ ಲೆಕ್ಕಾಚಾರವೂ ಇದೆ.

ಬಳಸುತ್ತಿರುವವರು ದಯವಿಟ್ಟು ಹೇಳಿ. ಹೊಸತರ ಉತ್ಸಾಹ ಇಳಿದ ಮೇಲೂ ದಿನನಿತ್ಯ ಕೆಲಸಕ್ಕೆ ಬರುತ್ತಿರುವುದು ಯಾವುದು? ಯಾವುದನ್ನು ಕಿತ್ತು ಹಾಕಿಸಿದಿರಿ?

ವೈರಿಂಗ್ ದಾವಣಗೆರೆ

ಬಹಳ ವರ್ಷಗಳಿಂದ ಮನೆಗಳ ವೈರಿಂಗ್ ಮಾಡುತ್ತಿರುವವನು ನಾನು. ಉಪಕರಣಗಳ ಮಾತು ಆಮೇಲೆ. ಮೊದಲು ಗೋಡೆಯೊಳಗೆ ಹೋಗುವುದರ ಬಗ್ಗೆ ಯೋಚಿಸಿ. ಉಪಕರಣವನ್ನು ಐದು ವರ್ಷಕ್ಕೊಮ್ಮೆ ಬದಲಿಸಬಹುದು. ಗಾರೆ ಆದ ಮೇಲೆ ಪೈಪ್ ಬದಲಿಸಬೇಕಾದರೆ ಗೋಡೆಯನ್ನೇ ಒಡೆಯಬೇಕು.

ನಮ್ಮಲ್ಲಿ ರೂಢಿಯಲ್ಲಿರುವ ವೈರಿಂಗ್‌ನಲ್ಲಿ ಸಾಕೆಟ್ ಇರುವ ಬೋರ್ಡಿಗೆ ನ್ಯೂಟ್ರಲ್, ಎಂದರೆ ಕರೆಂಟ್ ಹಿಂದಿರುಗುವ ತಂತಿ, ಬಂದಿರುತ್ತದೆ. ಬರಿಯ ಸ್ವಿಚ್ ಇರುವ ಕಡೆ, ಎಂದರೆ ಮೆಟ್ಟಿಲ ಬಳಿ, ಬಚ್ಚಲುಮನೆಯ ಹೊರಗೆ, ಪಡಸಾಲೆಯ ಚಿಕ್ಕ ಬೋರ್ಡುಗಳಲ್ಲಿ, ಬಹುತೇಕ ಕರೆಂಟ್ ತರುವ ಫೇಸ್ ತಂತಿ ಮಾತ್ರ ಇರುತ್ತದೆ. ಸ್ಮಾರ್ಟ್ ಸ್ವಿಚ್ ಸದಾ ಎಚ್ಚರವಾಗಿರಬೇಕು, ಅದಕ್ಕೆ ತನ್ನದೇ ಆದ ಸಣ್ಣ ವಿದ್ಯುತ್ ಬೇಕು. ನ್ಯೂಟ್ರಲ್ ಇಲ್ಲದಿದ್ದರೆ ಅದು ಬಲ್ಬಿನ ಮೂಲಕವೇ ಆ ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಆಗಲೇ ಆಫ್ ಮಾಡಿದ ಎಲ್‌ಇಡಿ ರಾತ್ರಿಯೆಲ್ಲ ಮಿಣುಕುವುದು. ಆದ್ದರಿಂದ ನೀವು ಇಂದು ಒಂದೇ ಒಂದು ಸ್ಮಾರ್ಟ್ ಸ್ವಿಚ್ ಹಾಕಿಸದಿದ್ದರೂ ಸರಿ, ಪ್ರತಿ ಬೋರ್ಡಿಗೂ ನ್ಯೂಟ್ರಲ್ ಎಳೆಸಿ. ಈಗ ತಂತಿಯ ಖರ್ಚಷ್ಟೇ. ಬಾಕ್ಸ್ ಕೂಡ ಆಳದ್ದಾಗಿರಲಿ, ಸ್ವಿಚ್ಚನ್ನು ಸ್ಮಾರ್ಟ್ ಮಾಡುವ ಚಿಕ್ಕ ಮಾಡ್ಯೂಲ್ ಕೂರುವುದು ಸ್ವಿಚ್ಚಿನ ಹಿಂದೆಯೇ.

ಗೇಟಿಗೆ, ಟಿವಿ ಗೋಡೆಗೆ, ಮೇಲಿನ ಮಹಡಿಯ ನಡುಭಾಗಕ್ಕೆ, ಟ್ಯಾಂಕಿನ ಬಳಿಗೆ ಇಂಟರ್‌ನೆಟ್ ಕೇಬಲ್ಲಿಗೆಂದೇ ಬೇರೆ ಪೈಪ್ ಹಾಕಿಸಿ. ಕರೆಂಟ್ ಹೋಗುವ ಪೈಪಿನಲ್ಲಿ ಅದನ್ನು ತೂರಿಸಬೇಡಿ. ಇನ್ನು ಯುಪಿಎಸ್ ಲೈನು. ಅದರ ನ್ಯೂಟ್ರಲ್ ಬೇರೆಯಾಗಿಯೇ ಇರಬೇಕು. ನೇರ ಲೈನಿನ ನ್ಯೂಟ್ರಲ್ ಜೊತೆ ಎಲ್ಲೋ ಒಂದು ಬೋರ್ಡಿನಲ್ಲಿ ಬೆರೆತುಹೋದರೂ, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಮೇಲಿಂದ ಮೇಲೆ ಬೀಳುತ್ತದೆ, ಕಾರಣ ಹುಡುಕುವುದರಲ್ಲಿ ದಿನ ಕಳೆಯುತ್ತದೆ. ಸ್ಮಾರ್ಟ್ ಸ್ವಿಚ್ ಹಾಕುವ ಮನೆಗಳಲ್ಲಿ ಈ ಬೆರಕೆ ಹೆಚ್ಚು, ಏಕೆಂದರೆ ಕೈಗೆ ಸಿಕ್ಕ ನ್ಯೂಟ್ರಲ್ ಜೋಡಿಸಿ ಕೆಲಸ ಮುಗಿಸುವವರು ಇದ್ದಾರೆ.

ಆರ್‌ಸಿಸಿಬಿ ಎಂದೆನಲ್ಲ, 30 ಮಿಲಿಆಂಪಿಯರ್‌ನದು ನಿಮ್ಮ ಅಂದಾಜಿನಲ್ಲಿ ಇದೆಯೇ ನೋಡಿ. ಶಾಕ್ ಹೊಡೆದಾಗ ಜೀವ ಉಳಿಸುವುದು ಅದು. ಅದನ್ನೂ ಒಳ್ಳೆಯ ಅರ್ತಿಂಗನ್ನೂ ಬಿಟ್ಟು, ತಾನಾಗಿ ಸರಿಯುವ ಪರದೆಗೆ ಹಣ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ತೀರ್ಥಹಳ್ಳಿ ತೋಟ

ದಾವಣಗೆರೆಯವರು ಹೇಳಿದ ಅರ್ತಿಂಗ್ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ನಮ್ಮ ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಶುರುವಾಯಿತೆಂದರೆ ಮನೆಯಲ್ಲಿ ಮೊದಲು ಮಾಡುವ ಕೆಲಸ ಟಿವಿ, ಫ್ರಿಜ್, ಇಂಟರ್‌ನೆಟ್ ಪೆಟ್ಟಿಗೆಗಳ ಪ್ಲಗ್ ಕೀಳುವುದು. ಗೋಡೆಯೊಳಗೆ ಕೂತ ಸ್ಮಾರ್ಟ್ ಮಾಡ್ಯೂಲಿನ ಪ್ಲಗ್ ಕೀಳುವುದು ಹೇಗೆ? ಪಕ್ಕದ ಊರಿನ ಒಂದು ಮನೆಯಲ್ಲಿ ಒಂದೇ ಸಿಡಿಲಿಗೆ ಮಹಡಿಯ ಎಲ್ಲ ಮಾಡ್ಯೂಲುಗಳೂ ಹೋದವು, ಸಾದಾ ಸ್ವಿಚ್ಚುಗಳು ಹಾಗೆಯೇ ಇದ್ದವು. ಮೇನ್ ಬೋರ್ಡಿನಲ್ಲಿ ಸರ್ಜ್, ಎಂದರೆ ಹಠಾತ್ತನೆ ನುಗ್ಗುವ ಹೆಚ್ಚಿನ ವೋಲ್ಟೇಜ್, ತಡೆಯುವ ಸಾಧನ ಹಾಕಿಸಬಹುದು, ಹಾಕಿಸಲೇಬೇಕು, ಆದರೂ ಹತ್ತಿರದಲ್ಲಿ ಬಿದ್ದ ಸಿಡಿಲಿಗೆ ಅದು ಪೂರ್ತಿ ರಕ್ಷಣೆ ಅಲ್ಲ.

ಹಾಗೆಂದು ನಾನು ತಂತ್ರಜ್ಞಾನದ ವಿರೋಧಿಯಲ್ಲ. ನಮ್ಮ ತೋಟದ ಪಂಪಿಗೆ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಇದೆ. ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ಬರುವುದು ಸರಿರಾತ್ರಿಯಲ್ಲಿ. ಮೊದಲೆಲ್ಲ ಟಾರ್ಚ್ ಹಿಡಿದು ಹಳ್ಳದ ಬದಿಯ ಪಂಪ್‌ಹೌಸಿಗೆ ಇಳಿಯಬೇಕಿತ್ತು, ಹಾವು, ಕಾಟಿ, ಜಾರುವ ದಾರಿ ಎಲ್ಲವನ್ನೂ ಕಟ್ಟಿಕೊಂಡು. ಈಗ ಹಾಸಿಗೆಯಲ್ಲೇ ಕೂತು ಒಂದು ಕರೆ ಮಾಡಿದರೆ ಪಂಪ್ ಶುರುವಾಗುತ್ತದೆ, ಒಂದು ಫೇಸ್ ಹೋದರೆ ತಾನೇ ನಿಲ್ಲುತ್ತದೆ. ವೈಫೈ ಬೇಡ, ಆ್ಯಪ್ ಬೇಡ, ತಿಂಗಳ ಚಂದಾ ಬೇಡ. ನನ್ನ ಪ್ರಕಾರ ಈ ರಾಜ್ಯದಲ್ಲಿ ಜನರ ಬದುಕನ್ನು ನಿಜವಾಗಿ ಹಗುರ ಮಾಡಿದ ಸ್ಮಾರ್ಟ್ ಉಪಕರಣ ಅದೇ. ಮನೆಗೂ ಅದೇ ಅಳತೆ ಇಟ್ಟುಕೊಳ್ಳಿ: ಅದಿಲ್ಲದಿದ್ದರೆ ಯಾರು ಎದ್ದು ಹೋಗಬೇಕಾಗುತ್ತದೆ, ಎಲ್ಲಿಗೆ, ಎಷ್ಟು ಕಷ್ಟಪಟ್ಟು?

ಗಾಲಿಕುರ್ಚಿ ಮೈಸೂರು

ಯಾರು ಎದ್ದು ಹೋಗಬೇಕು ಎಂಬ ಪ್ರಶ್ನೆ ಸರಿಯಾಗಿದೆ. ನನ್ನ ಉತ್ತರ ಬೇರೆ ಇರುತ್ತದೆ, ಅಷ್ಟೆ.

ಬೆನ್ನುಹುರಿಗೆ ಪೆಟ್ಟಾದ ಮೇಲೆ ನಾನು ಗಾಲಿಕುರ್ಚಿಯಲ್ಲಿದ್ದೇನೆ, ಬಲಗೈಗೆ ಬಲ ಕಡಿಮೆ. ಮಾತಿಗೆ ಹತ್ತುವ ದೀಪ, ಮೊಬೈಲಿನಿಂದ ತೆರೆಯುವ ಬೀಗ, ತಾನಾಗಿ ಸರಿಯುವ ಪರದೆ ಇವನ್ನು ಶೋಕಿ ಎಂದು ಕರೆಯುವವರನ್ನು ಎಲ್ಲೆಡೆ ನೋಡುತ್ತೇನೆ. ಬೆಳಗಿನ ಬಿಸಿಲು ಮುಖಕ್ಕೆ ಹೊಡೆಯುತ್ತಿರುವಾಗ ಪರದೆ ಎಳೆಯಲು ಮನೆಯವರನ್ನು ಕೂಗಬೇಕಾದ ಸ್ಥಿತಿ ಎಂಥದ್ದು ಎಂದು ಅವರಿಗೆ ಗೊತ್ತಿಲ್ಲ. ಬಾಗಿಲಿಗೆ ಯಾರೋ ಬಂದರೆ ವಿಡಿಯೊ ಬೆಲ್‌ನಲ್ಲಿ ನೋಡಿ, ಮಾತನಾಡಿ, ನಾನೇ ಬಾಗಿಲು ತೆರೆಯುತ್ತೇನೆ. ಅದಕ್ಕೆ ಮುಂಚೆ ಅಂಚೆಯವರು ಬಂದು ಕಾದು ಹೊರಟುಹೋಗುತ್ತಿದ್ದರು.

ಬೇಸರವಾಗುವುದು ಒಂದೇ ವಿಷಯಕ್ಕೆ. ನನ್ನಲ್ಲಿರುವ ಅಲೆಕ್ಸಾ ಸ್ಪೀಕರ್ ಇಂಗ್ಲಿಷ್ ಕೇಳುತ್ತದೆ, ಹಿಂದಿ ಕೇಳುತ್ತದೆ, ಕನ್ನಡ ಕೇಳುವುದಿಲ್ಲ. ನನ್ನ ತಾಯಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಬೇಕಾದ ನಾಲ್ಕಾರು ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಒಂದೊಂದು ಕೆಲಸಕ್ಕೆ ಜೋಡಿಸಿ ಇಟ್ಟಿದ್ದೇನೆ, ಕೆಲವು ಸಲ ಹಿಡಿಯುತ್ತದೆ, ಕೆಲವು ಸಲ ಇಲ್ಲ. ಮನೆಯ ಅರ್ಧ ಜನರ ಮಾತು ಕೇಳದ ಉಪಕರಣಕ್ಕೆ ಪೂರ್ತಿ ಬೆಲೆ ಕೊಡುತ್ತಿದ್ದೇವೆ. ನಮ್ಮೂರಿನಲ್ಲಿ ಮಾರುವ ಕಂಪನಿಗಳಿಗೆ ಇದನ್ನು ನಾವು ಗಟ್ಟಿಯಾಗಿ ಕೇಳಬೇಕು.

ತುಮಕೂರಿನವರೆ, ನಿಮ್ಮ ತಂದೆ ತಾಯಿಗೆ ಇನ್ನು ಹತ್ತು ವರ್ಷ ಕಳೆದ ಮೇಲೆ ಏನು ಬೇಕಾಗಬಹುದು ಎಂದೂ ಯೋಚಿಸಿ. ಪರದೆಯ ಮೋಟರ್ ಈಗ ಬೇಡ. ಪರದೆಯ ಕಂಬಿಯ ಪಕ್ಕಕ್ಕೆ ಒಂದು ಪಾಯಿಂಟ್ ಬಿಟ್ಟಿರಲಿ.

ವೈರಿಂಗ್ ದಾವಣಗೆರೆ

ಮೈಸೂರಿನ ಸರ್ ಹೇಳಿದ್ದು ಸರಿಯಾಗಿದೆ. ಪಾಯಿಂಟ್ ಬಿಡುವುದು ಸುಲಭ, ನಾಳೆ ಬೇಕಾದವರು ಹಾಕಿಕೊಳ್ಳುತ್ತಾರೆ. ಪರದೆಯನ್ನು ಶೋಕಿ ಎನ್ನುವ ಅರ್ಥದಲ್ಲಿ ನಾನು ಬರೆಯಲಿಲ್ಲ, ಮೊದಲು ಜೀವರಕ್ಷಣೆ ಎಂದಷ್ಟೇ.

ಸ್ಟುಟ್‌ಗಾರ್ಟ್ ಕನ್ನಡಿಗ

ಜರ್ಮನಿಯಿಂದ ಬರೆಯುತ್ತಿದ್ದೇನೆ. ತಾಯಿ ಶಿರಸಿಯಲ್ಲಿ ಒಬ್ಬರೇ ಇದ್ದಾರೆ, ಎಪ್ಪತ್ತು ದಾಟಿದೆ. ನಾನು ಅಲ್ಲಿ ಹಾಕಿಸಿದ್ದು: ಹಜಾರಕ್ಕೆ ಒಂದು, ಅಡುಗೆಮನೆಗೆ ಒಂದು ಕ್ಯಾಮೆರಾ, ಗ್ಯಾಸ್ ಸೋರಿದರೆ ಕೂಗುವ ಅಲಾರಂ, ಹಾಸಿಗೆಯಿಂದ ಬಚ್ಚಲಿನವರೆಗೆ ಕಾಲಿಟ್ಟರೆ ಹತ್ತುವ ದೀಪಗಳು. ಬೇಸಿಗೆಯಲ್ಲಿ ಇಲ್ಲಿಗೂ ಅಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ. ನಾನು ಏಳುವ ಹೊತ್ತಿಗೆ ಅಮ್ಮನ ತಿಂಡಿ ಆಗಿರುತ್ತದೆ. ಮೊಬೈಲ್ ತೆರೆದು ಅವರು ಓಡಾಡುತ್ತಿರುವುದನ್ನು ನೋಡಿದರೆ ಆ ದಿನ ನೆಮ್ಮದಿಯಾಗಿ ಕೆಲಸಕ್ಕೆ ಹೋಗುತ್ತೇನೆ. ದೂರದಲ್ಲಿರುವ ಮಕ್ಕಳಿಗೆ ಕ್ಯಾಮೆರಾ ಅನಿವಾರ್ಯ ಎಂದೇ ನನ್ನ ಅನಿಸಿಕೆ. ಪೂಜೆಗೆ ಕೂತಾಗ, ಬಟ್ಟೆ ಬದಲಿಸುವಾಗ ಅಮ್ಮ ಅದರ ಮೇಲೆ ಟವೆಲ್ ಹಾಕಿಬಿಡುತ್ತಾರೆ. ಆಗ ಮಾತ್ರ ಗಾಬರಿಯಾಗುತ್ತದೆ.

ನಿವೃತ್ತ ಶಿಕ್ಷಕಿ ಧಾರವಾಡ

ನೀವು ನನ್ನ ಮಗನ ವಯಸ್ಸಿನವರು ಇರಬೇಕು. ಆದ್ದರಿಂದ ಬಿಚ್ಚು ಮನಸ್ಸಿನಿಂದ ಬರೆಯುತ್ತೇನೆ, ತಪ್ಪು ತಿಳಿಯಬೇಡಿ.

ನಿಮ್ಮ ತಾಯಿ ಟವೆಲ್ ಹಾಕುತ್ತಾರೆ ಎಂದಿರಿ. ಅದು ಅವರು ನಿಮಗೆ ಕೊಡುತ್ತಿರುವ ಉತ್ತರ. ಬಾಯಿಬಿಟ್ಟು ಹೇಳಿದರೆ ಮಗನಿಗೆ ನೋವಾಗುತ್ತದೆ ಎಂದು ಟವೆಲಿನಿಂದ ಹೇಳುತ್ತಿದ್ದಾರೆ. ನಾನೂ ಒಬ್ಬಳೇ ಇರುವವಳು. ನನ್ನ ಮಕ್ಕಳೂ ಹೀಗೆಯೇ ಪ್ರೀತಿಯಿಂದ ಎರಡು ಕ್ಯಾಮೆರಾ ತಂದು ಹಾಕಿದರು. ಹಾಕಿದ ದಿನದಿಂದ ನಾನು ನನ್ನ ಮನೆಯಲ್ಲಿ ಅತಿಥಿಯಂತಾದೆ. ಮಧ್ಯಾಹ್ನ ಸೆರಗು ಸರಿಯಾಗಿದೆಯೇ ಎಂದು ನೋಡಿಕೊಂಡು ಮಲಗುವುದು, ಗೆಳತಿ ಬಂದಾಗ ಸೊಸೆಯ ವಿಷಯ ಮಾತನಾಡಲು ಹಿತ್ತಲಿಗೆ ಹೋಗುವುದು. ಇದು ಎಂಥ ಬಾಳು? ಕೊನೆಗೆ ಕೂತು ಮಾತನಾಡಿದೆವು. ಕ್ಯಾಮೆರಾ ತೆಗೆಸಿದರು. ಅದರ ಬದಲಿಗೆ ಅಡುಗೆಮನೆಯ ಬಾಗಿಲಿಗೆ ಮತ್ತು ಫ್ರಿಜ್ಜಿಗೆ ಚಿಕ್ಕ ಸೆನ್ಸರ್ ಅಂಟಿಸಿದ್ದಾರೆ. ಬೆಳಗ್ಗೆ ಎಂಟರೊಳಗೆ ಎರಡರಲ್ಲಿ ಯಾವುದೂ ತೆರೆಯದಿದ್ದರೆ ಮಗಳ ಮೊಬೈಲಿಗೆ ಸಂದೇಶ ಹೋಗುತ್ತದೆ. ನಾನು ಎದ್ದಿದ್ದೇನೆ ಎಂದು ಅವಳಿಗೆ ಗೊತ್ತಾಗುತ್ತದೆ, ಯಾವ ಸೀರೆ ಉಟ್ಟಿದ್ದೇನೆ ಎಂದು ಗೊತ್ತಾಗಬೇಕಿಲ್ಲ.

ರಾತ್ರಿ ಕಾಲಿಟ್ಟಲ್ಲಿ ಹತ್ತುವ ದೀಪ ಬಹಳ ಒಳ್ಳೆಯದು. ನಮ್ಮ ವಯಸ್ಸಿನವರು ಬೀಳುವುದೇ ಬಚ್ಚಲ ದಾರಿಯಲ್ಲಿ. ಅದನ್ನು ಮಾತ್ರ ತೆಗೆಸಬೇಡಿ.

ಇನ್ನೊಂದು ಮಾತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅರ್ಜಿ ಸಲ್ಲಿಸುವಾಗ ಅವರಿಗೆ ಎಂಬತ್ತು ದಾಟಿತ್ತು. ವಯಸ್ಸಾದವರಿಗೆ ಇದೆಲ್ಲ ಏಕೆ ಎಂದು ಯಾರೂ ಭಾವಿಸಬಾರದು.

ಸ್ಟುಟ್‌ಗಾರ್ಟ್ ಕನ್ನಡಿಗ

ಅಮ್ಮ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸೆನ್ಸರಿನ ವ್ಯವಸ್ಥೆ ಬಗ್ಗೆ ಸ್ವಲ್ಪ ವಿವರವಾಗಿ ತಿಳಿಸುವಿರಾ? ಕರೆಂಟ್ ಹೋದರೆ ಅದು ಕೆಲಸ ಮಾಡುತ್ತದೆಯೇ?

ನಿವೃತ್ತ ಶಿಕ್ಷಕಿ ಧಾರವಾಡ

ಸೆನ್ಸರಿಗೆ ಗುಂಡಿಯಂಥ ಚಿಕ್ಕ ಬ್ಯಾಟರಿ ಇದೆ, ಅದು ಬಹಳ ಕಾಲ ಬರುತ್ತದೆ. ಇಂಟರ್‌ನೆಟ್ ಪೆಟ್ಟಿಗೆಯನ್ನೂ ಸೆನ್ಸರಿನ ಸುದ್ದಿಯನ್ನು ಅದಕ್ಕೆ ಮುಟ್ಟಿಸುವ ಪಕ್ಕದ ಚಿಕ್ಕ ಹಬ್ ಅನ್ನೂ ಯುಪಿಎಸ್ ಸಾಕೆಟ್ಟಿಗೆ ಹಾಕಿದ್ದಾರೆ. ಕಡಿಮೆ ವಿದ್ಯುತ್ತಿನಲ್ಲಿ ತಂತಿಯಿಲ್ಲದೆ ನಡೆಯುವ ಜಿಗ್‌ಬೀ ಎಂಬ ಬಗೆಯದು ಎಂದು ಅಳಿಯ ಹೇಳಿದ ನೆನಪು. ಮುಖ್ಯವಾಗಿ, ಸಂದೇಶ ಹೋದರೆ ಯಾರು ಬಂದು ನೋಡಬೇಕು ಎಂಬುದು ನಿಶ್ಚಯವಾಗಿದೆ: ಎದುರು ಮನೆಯವರ ಬಳಿ ಒಂದು ಕೀಲಿಕೈ ಇದೆ. ಅದಿಲ್ಲದೆ ಜರ್ಮನಿಯಲ್ಲಿ ಮೊಬೈಲ್ ಕೂಗಿ ಏನು ಪ್ರಯೋಜನ?

ಮನೆಗೆಲಸದವರ ಮಗ

ಕ್ಯಾಮೆರಾ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನನ್ನ ತಾಯಿ ಬೆಂಗಳೂರಿನಲ್ಲಿ ಮನೆಗೆಲಸ ಮಾಡುತ್ತಾರೆ. ಅವರು ಹೋಗುವ ಒಂದು ಮನೆಯ ಅಡುಗೆಮನೆಯಲ್ಲಿ ಕ್ಯಾಮೆರಾ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಕೆಲಸದ ನಡುವೆ ಗೋಡೆಯಿಂದ ಮನೆಯೊಡತಿಯ ದನಿ ಬಂತು, ಕಚೇರಿಯಲ್ಲಿ ಕೂತು ಮಾತನಾಡುತ್ತಿದ್ದರು: ಆ ಪಾತ್ರೆ ಸರಿಯಾಗಿ ತೊಳೆದಿಲ್ಲ. ಅಮ್ಮ ಮನೆಗೆ ಬಂದು ಅತ್ತರು. ಬೈದದ್ದಕ್ಕಲ್ಲ. ಅಷ್ಟು ದಿನವೂ ನೋಡುತ್ತಿದ್ದರಲ್ಲ ಎಂಬುದಕ್ಕೆ.

ಕ್ಯಾಮೆರಾ ಹಾಕಿಸುವವರು ಬಾಗಿಲಲ್ಲೇ ಹೇಳಿ, ಎಲ್ಲಿದೆ ಎಂದು ತೋರಿಸಿ, ದನಿಯೂ ದಾಖಲಾಗುತ್ತದೆಯೇ ತಿಳಿಸಿ. ಇಷ್ಟೇ ಕೇಳುವುದು.

ಜಾಲರಕ್ಷಣೆ

ನನ್ನ ಉದ್ಯೋಗ ಮಾಹಿತಿ ಭದ್ರತೆ. ಮೇಲಿನ ಎರಡು ಬರಹಗಳಲ್ಲಿ ಇರುವುದು ಮನೆಯವರೇ ನೋಡುವ ಪ್ರಶ್ನೆ. ಮನೆಯ ಹೊರಗಿನವರು ನೋಡುವ ಪ್ರಶ್ನೆಯೂ ಇದೆ.

ಅಮೆರಿಕದಲ್ಲಿ ಬಾಗಿಲ ಬೆಲ್ ಮತ್ತು ಕ್ಯಾಮೆರಾ ಮಾರುವ ರಿಂಗ್ ಕಂಪನಿಯ ಮೇಲೆ ಅಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಹೊರಿಸಿದ ಆರೋಪವೇ ಇದು: ಸಿಬ್ಬಂದಿ ಮತ್ತು ಗುತ್ತಿಗೆದಾರರು ಗ್ರಾಹಕರ ಖಾಸಗಿ ವಿಡಿಯೊಗಳನ್ನು ನೋಡಲು ಅವಕಾಶವಿತ್ತು, ಮಲಗುವ ಕೋಣೆ, ಸ್ನಾನದ ಮನೆಯ ದೃಶ್ಯಗಳೂ ಅದರಲ್ಲಿದ್ದವು. ಕಂಪನಿ 58 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಅದಕ್ಕೂ ಮುಂಚೆ 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದ ಕ್ಯಾಮೆರಾ, ರೌಟರ್‌ಗಳನ್ನು ಹುಡುಕಿ ಹುಡುಕಿ ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಆ ಉಪಕರಣಗಳ ದಂಡಿನಿಂದಲೇ ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಮೇಲೆ ದಾಳಿಯಾಗಿ, ಅಮೆರಿಕದ ದೊಡ್ಡ ದೊಡ್ಡ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಆ ಕ್ಯಾಮೆರಾಗಳ ಮಾಲೀಕರಿಗೆ ಅದರ ಸುಳಿವೂ ಇರಲಿಲ್ಲ.

ಮಾಡಬೇಕಾದದ್ದು ಕಷ್ಟವೇನಲ್ಲ. ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಈ ಉಪಕರಣಗಳನ್ನೆಲ್ಲ ರೌಟರಿನ ಅತಿಥಿ ಜಾಲಕ್ಕೆ ಜೋಡಿಸಿ, ಬ್ಯಾಂಕ್ ವ್ಯವಹಾರದ ಲ್ಯಾಪ್‌ಟಾಪ್ ಇರುವ ಜಾಲಕ್ಕಲ್ಲ. ಕ್ಯಾಮೆರಾ ಗೇಟಿಗೆ, ಅಂಗಳಕ್ಕೆ ಇರಲಿ, ದಾಖಲೆ ಮನೆಯಲ್ಲಿರುವ ರೆಕಾರ್ಡರ್‌ನಲ್ಲೇ ಉಳಿಯಲಿ. ಮನೆಯೊಳಗೆ ಬೇಡ. ಎಂಟನೆಯ ತರಗತಿಯ ಮಗಳಿರುವ ಮನೆಯಲ್ಲಿ ಒಳಗೆ ಕ್ಯಾಮೆರಾ ಹಾಕಿಸುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ.

ಹೊಸಮನೆ ತುಮಕೂರು

ಒಳಗಿನ ಕ್ಯಾಮೆರಾಗಳನ್ನು ಪಟ್ಟಿಯಿಂದ ತೆಗೆದೆ. ಮಗಳಿಗೆ ಈ ಚರ್ಚೆ ಓದಲು ಕೊಟ್ಟಿದ್ದೆ, ಅವಳ ಅಭಿಪ್ರಾಯವೂ ಅದೇ.

ಎರಡು ಪ್ರಶ್ನೆ. ಆ ಸಂಸ್ಥೆಯವರ ಸ್ವಿಚ್ಚುಗಳು ಅವರ ಸರ್ವರ್ ಮೂಲಕವೇ ಕೆಲಸ ಮಾಡುತ್ತವಂತೆ, ಮೊದಲ ವರ್ಷ ಉಚಿತ, ಆಮೇಲೆ ಚಂದಾ. ಇದು ಸಾಮಾನ್ಯವೇ? ಹಾಗೆಯೇ ಇಷ್ಟು ಉಪಕರಣ ಸದಾ ಎಚ್ಚರವಾಗಿದ್ದರೆ ವಿದ್ಯುತ್ ಬಿಲ್ ಎಷ್ಟು ಏರುತ್ತದೆ?

ಮನೆಜಾಲ ಹುಬ್ಬಳ್ಳಿ

ಚಂದಾ ಕಟ್ಟಿ ನಮ್ಮ ಮನೆಯ ದೀಪ ಹಾಕಿಕೊಳ್ಳುವ ವ್ಯವಸ್ಥೆಗೆ ಖಂಡಿತ ಒಪ್ಪಬೇಡಿ. ಸರ್ವರ್ ನಂಬಿದವರ ಕಥೆ ನೋಡಿ. ಅಮೆರಿಕದ ಇನ್ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯೇ ಇಲ್ಲದೆ ಸರ್ವರ್ ನಿಲ್ಲಿಸಿತು. ಗ್ರಾಹಕರ ಮೊಬೈಲ್ ಆ್ಯಪ್ ಇದ್ದಕ್ಕಿದ್ದಂತೆ ಸತ್ತಿತು. ಅದಕ್ಕೂ ಮುಂಚೆ 2016ರಲ್ಲಿ ರಿವಾಲ್ವ್ ಎಂಬ ಹಬ್ ಸಾಧನವನ್ನು, ಅದರ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಕಂಪನಿಯೇ ಕೆಲಸಕ್ಕೆ ಬಾರದಂತೆ ಮಾಡಿತು. ಕಂಪನಿ ಮುಚ್ಚದಿದ್ದರೂ ಸರ್ವರ್ ಕೈಕೊಡಬಹುದು. 2021ರ ಡಿಸೆಂಬರ್ 7ರಂದು ಅಮೆಜಾನ್‌ನ ಕ್ಲೌಡ್ ಕೇಂದ್ರದಲ್ಲಿ ತೊಂದರೆಯಾದಾಗ ಎಷ್ಟೋ ಮನೆಗಳಲ್ಲಿ ಬಾಗಿಲ ಬೆಲ್, ಕಸ ಗುಡಿಸುವ ಯಂತ್ರ ಮಾತು ಕೇಳಲಿಲ್ಲ.

ನನ್ನ ಮನೆಯಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಇಂಟರ್‌ನೆಟ್ ಕಡಿದರೂ ಮನೆಯೊಳಗಿನ ಎಲ್ಲವೂ ಎಂದಿನಂತೆ ಕೆಲಸ ಮಾಡುತ್ತವೆ. ಕೊಳ್ಳುವಾಗ ಮ್ಯಾಟರ್ ಗುರುತು ಇರುವುದನ್ನು ನೋಡಿ. 2022ರ ಅಕ್ಟೋಬರ್‌ನಲ್ಲಿ ಬಂದ ಆ ಮಾನದಂಡದ ಉದ್ದೇಶವೇ ಬೇರೆ ಬೇರೆ ಕಂಪನಿಗಳ ಉಪಕರಣಗಳು ಮನೆಯೊಳಗಿನ ಜಾಲದಲ್ಲೇ ಒಂದಕ್ಕೊಂದು ಹೊಂದಿಕೊಂಡು ನಡೆಯುವುದು. ನಾಳೆ ಕಂಪನಿ ಬದಲಿಸಿದರೂ ಸ್ವಿಚ್ ಕೀಳಬೇಕಾಗಿಲ್ಲ.

ಬಿಲ್ಲಿನ ಲೆಕ್ಕ: ಒಂದು ವ್ಯಾಟ್ ವರ್ಷವಿಡೀ ಉರಿದರೆ 8.76 ಯೂನಿಟ್. ಮಾಡ್ಯೂಲ್ ಒಂದಕ್ಕೆ ಹೆಚ್ಚೆಂದರೆ ಒಂದು ವ್ಯಾಟ್ ಎಂದಿಟ್ಟುಕೊಂಡರೂ ಇಪ್ಪತ್ತಕ್ಕೆ ವರ್ಷಕ್ಕೆ 175 ಯೂನಿಟ್, ತಿಂಗಳಿಗೆ ಸುಮಾರು ಹದಿನೈದು. ಈಗ ಇನ್ನೊಂದು ಕಡೆ ನೋಡಿ. ಹಳೆಯ ಬಗೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 75 ವ್ಯಾಟ್ ತಿನ್ನುತ್ತದೆ, ಬ್ರಶ್ ಇಲ್ಲದ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಒಂದೇ ಫ್ಯಾನಿನಿಂದ ತಿಂಗಳಿಗೆ 13 ಯೂನಿಟ್ ಮಿಗುತ್ತದೆ. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಈ ಯೂನಿಟ್ಟುಗಳ ಬೆಲೆ ಇನ್ನೂ ಹೆಚ್ಚು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ.

ಕೆಂಗೇರಿ ಗೃಹಿಣಿ

ಹುಬ್ಬಳ್ಳಿಯ ಅಣ್ಣನಿಗೆ ಒಂದು ಪ್ರಶ್ನೆ. ನೀವು ಊರಲ್ಲಿ ಇಲ್ಲದಾಗ ಆ ಚಿಕ್ಕ ಕಂಪ್ಯೂಟರ್ ಕೆಟ್ಟರೆ ಮನೆಯಲ್ಲಿ ಯಾರಿಗೆ ಗೊತ್ತು?

ನಮ್ಮ ಮನೆಯವರೂ ಇಂಥದ್ದೇ ಕಟ್ಟಿದ್ದಾರೆ. ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕೆಲಸದ ಮೇಲೆ ಹೊರದೇಶಕ್ಕೆ ಹೋಗಿದ್ದಾಗ ಅದು ನಿಂತಿತು. ಕಾವೇರಿ ನೀರು ಬರುವ ದಿನ, ಸಂಪಿನಿಂದ ಮೇಲೆ ಏರಿಸುವ ಮೋಟರ್ ಓಡಲಿಲ್ಲ, ಏಕೆಂದರೆ ಗೋಡೆಯ ಮೇಲಿನ ಹಳೆಯ ಸ್ವಿಚ್ ತೆಗೆದು ಅಲ್ಲಿ ಅಂದದ ಗಾಜಿನ ಫಲಕ ಹಾಕಿಸಿದ್ದರು. ಅಲ್ಲಿ ಅರ್ಧರಾತ್ರಿ, ಇಲ್ಲಿ ಹಗಲು. ಅತ್ತೆಯವರೂ ನಾನೂ ಬಕೆಟ್‌ನಲ್ಲಿ ನೀರು ಹೊತ್ತೆವು. ಈಗ ಮೋಟರಿಗೆ ಸಾದಾ ಸ್ವಿಚ್ ವಾಪಸ್ಸು ಬಂದಿದೆ, ಸ್ಮಾರ್ಟ್ ಪೆಟ್ಟಿಗೆ ಅದರ ಪಕ್ಕದಲ್ಲಿ ಇದೆ. ಯಾವುದೇ ಉಪಕರಣ ಇರಲಿ, ಅದನ್ನು ಹಾಕಿದವರು ಮನೆಯಲ್ಲಿ ಇಲ್ಲದ ದಿನವೂ ನಡೆಯಬೇಕು.

ದೀಪದ ವಿಷಯ ಕೂಡ ಹೇಳಿಬಿಡುತ್ತೇನೆ. ಸ್ಮಾರ್ಟ್ ಬಲ್ಬ್ ಹಾಕಿದರೆ ಗೋಡೆಯ ಸ್ವಿಚ್ ಸದಾ ಆನ್ ಇರಬೇಕು. ಮನೆಗೆ ಬಂದವರು, ಮಕ್ಕಳು, ಕೆಲಸದವರು ಅಭ್ಯಾಸಬಲದಿಂದ ಆಫ್ ಮಾಡುತ್ತಾರೆ, ಆಮೇಲೆ ಮೊಬೈಲ್ ಒತ್ತಿದರೆ ಹತ್ತುವುದಿಲ್ಲ. ನಡುರಾತ್ರಿ ಕರೆಂಟ್ ಹೋಗಿ ಬಂದಾಗ ಎಲ್ಲ ಬಲ್ಬುಗಳೂ ಒಟ್ಟಿಗೆ ಪೂರ್ತಿ ಬೆಳಕಿನಲ್ಲಿ ಹತ್ತಿಕೊಂಡು ಮಗು ಎದ್ದು ಅಳುವುದು ಬೇರೆ.

ಮನೆಜಾಲ ಹುಬ್ಬಳ್ಳಿ

ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಬಲ್ಬಿನ ಬದಲು ಸ್ವಿಚ್ಚಿನ ಹಿಂದೆ ಕೂರುವ ಮಾಡ್ಯೂಲ್ ಹಾಕಿಸಬೇಕು, ಹಳೆಯ ಸ್ವಿಚ್ ಹಾಗೆಯೇ ಇರುತ್ತದೆ. ಕಂಪ್ಯೂಟರ್ ಸತ್ತರೂ, ವೈಫೈ ಹೋದರೂ ಟಕ್ ಎಂದು ಒತ್ತಿದರೆ ದೀಪ ಹತ್ತುತ್ತದೆ. ಕರೆಂಟ್ ಬಂದಾಗ ಹತ್ತಬೇಕೇ, ಮೊದಲಿದ್ದ ಸ್ಥಿತಿಗೆ ಮರಳಬೇಕೇ ಎಂಬುದನ್ನೂ ಬಹುತೇಕ ಮಾಡ್ಯೂಲುಗಳಲ್ಲಿ ನಾವೇ ನಿಗದಿ ಮಾಡಬಹುದು. ನಾನಿಲ್ಲದಾಗ ಕೆಟ್ಟರೆ ಏನು ಮಾಡಬೇಕು ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಮೇನ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಗಾಜಿನ ಫಲಕದ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ.

ಬಾಡಿಗೆ ಮನೆ ಬೆಂಗಳೂರು

ಸ್ವಂತ ಮನೆಯವರ ನಡುವೆ ಬಾಡಿಗೆಯವರ ಒಂದು ಮಾತು. ಮುಂದೆ ಮಹಡಿಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ, ಆ ಭಾಗದ ಬೀಗ, ಸ್ವಿಚ್ ನಿಮ್ಮ ಖಾತೆಯಲ್ಲಿ ಇರಬಾರದು. ನಾವಿರುವ ಮನೆಯ ಬಾಗಿಲ ಬೀಗದ ಆ್ಯಪ್ ಮಾಲೀಕರ ಕೈಯಲ್ಲಿದೆ. ನಾವು ಎಷ್ಟು ಹೊತ್ತಿಗೆ ಬಂದೆವು, ಯಾರು ಬಂದರು ಎಂಬುದೆಲ್ಲ ಅವರ ಮೊಬೈಲಿಗೆ ಹೋಗುತ್ತದೆ. ಅವರು ಒಳ್ಳೆಯವರೇ. ಆದರೂ ಅದು ನಮ್ಮ ಬಾಗಿಲು.

ತೀರ್ಥಹಳ್ಳಿ ತೋಟ

ಬೀಗದ ಮಾತು ಬಂದದ್ದರಿಂದ ಹೇಳುತ್ತೇನೆ. ಬೆರಳಚ್ಚು ತೋಟದ ಕೆಲಸ ಮಾಡಿದ ಕೈಗಳಿಗೆ ಸರಿಯಾಗಿ ಹೊಂದುವುದಿಲ್ಲ. ಅಡಿಕೆ ಸುಲಿದು, ಸುಣ್ಣ ಮುಟ್ಟಿ, ಪಾತ್ರೆ ಉಜ್ಜಿ ಗೆರೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮ ಕಡೆಯ ಹಿರಿಯರು ಹೆಬ್ಬೆರಳು ಒತ್ತಿ ಒತ್ತಿ ಕಾಯುವುದನ್ನು ನೋಡಿದ್ದೇನೆ. ತುಮಕೂರಿನವರ ತಂದೆ ತಾಯಿಗೂ ಹೀಗಾಗಬಹುದು. ಹಾಕಿಸುವುದಾದರೆ ಸಾದಾ ಕೀಲಿಯಿಂದಲೂ ತೆರೆಯುವ ಬೀಗವೇ ಇರಲಿ, ಆ ಕೀಲಿ ಮನೆಯ ಒಳಗೇ ಉಳಿದುಬಿಡದಂತೆ ನೋಡಿಕೊಳ್ಳಿ.

ಹೊಸಮನೆ ತುಮಕೂರು

ಮನೆಯವರೆಲ್ಲ ಕೂತು ಮಾತನಾಡಿದೆವು. ಎಲ್ಲ ಬೋರ್ಡಿಗೂ ನ್ಯೂಟ್ರಲ್, ಆಳದ ಬಾಕ್ಸ್, ಕೇಬಲ್ಲಿಗೆ ಬೇರೆ ಪೈಪ್. ಮೋಟರಿಗೆ ನೀರಿನ ಮಟ್ಟ ನೋಡಿ ನಿಲ್ಲುವ ಕಂಟ್ರೋಲರ್, ಜೊತೆಗೆ ಸಾದಾ ಸ್ವಿಚ್. ಗ್ಯಾಸ್ ಅಲಾರಂ, ಬಚ್ಚಲ ದಾರಿಗೆ ಸೆನ್ಸರ್ ದೀಪ, ಗೇಟಿಗೆ ಒಂದು ಕ್ಯಾಮೆರಾ, ಎಲ್ಲ ಕೋಣೆಗೂ ಬಿಎಲ್‌ಡಿಸಿ ಫ್ಯಾನ್. ಸೆನ್ಸರ್ ದೀಪಕ್ಕೆ ತಂದೆಯವರೂ ಒಪ್ಪಿದರು. ಬೀಗ ಸಾದಾದೇ ಇರಲಿ ಎಂದು ತಾಯಿ ಹೇಳಿದರು. ಉಳಿದ ಹಣ ಸೋಲಾರ್‌ಗೆ. ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ, ಅದಕ್ಕೆ ಅರ್ಜಿ ಹಾಕುತ್ತೇವೆ.

ದಾವಣಗೆರೆಯವರಿಗೆ ಒಂದು ಕೊನೆಯ ಪ್ರಶ್ನೆ: ಫ್ಯಾನಿಗೆ ರೆಗ್ಯುಲೇಟರ್ ಬೇಕೇ? ಮೋಟರಿನ ಕಂಟ್ರೋಲರ್ ಆರಿಸುವಾಗ ಏನು ನೋಡಬೇಕು?

ವೈರಿಂಗ್ ದಾವಣಗೆರೆ

ಬಿಎಲ್‌ಡಿಸಿ ಫ್ಯಾನಿಗೆ ಹಳೆಯ ಬಗೆಯ ರೆಗ್ಯುಲೇಟರ್ ಹಾಕಬಾರದು, ಬಹುತೇಕ ಫ್ಯಾನುಗಳು ರಿಮೋಟ್‌ನಿಂದಲೇ ವೇಗ ಬದಲಿಸುತ್ತವೆ. ತಂದೆ ತಾಯಿಯ ಕೋಣೆಗೆ ಗೋಡೆಯ ಮೇಲೆ ತಿರುಗಿಸುವ ನಾಬ್ ಜೊತೆಗೆ ಬರುವ ಮಾದರಿ ಕೇಳಿ ತರಿಸಿ, ರಿಮೋಟ್ ದಿಂಬಿನ ಕೆಳಗೆ ಸೇರಿದರೆ ಅವರಿಗೆ ಕಷ್ಟ.

ಕಂಟ್ರೋಲರ್ ಟ್ಯಾಂಕ್ ಮಾತ್ರವಲ್ಲ, ಸಂಪಿನ ಮಟ್ಟವನ್ನೂ ನೋಡುವುದಾಗಿರಬೇಕು. ಸಂಪು ಬರಿದಾದಾಗ ಮೋಟರ್ ಒಣಗಿ ಓಡಿದರೆ ಸುಟ್ಟುಹೋಗುತ್ತದೆ. ಚಿಕ್ಕ ಸ್ಮಾರ್ಟ್ ಪ್ಲಗ್ಗಿನ ಮೇಲೆ ಮೋಟರ್ ಹಾಕಬೇಡಿ, ಶುರುವಾಗುವ ಕ್ಷಣದಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ, ಪ್ಲಗ್ಗಿನ ಒಳಗಿನ ರಿಲೇ, ಎಂದರೆ ಚಿಕ್ಕ ಸ್ವಿಚ್, ಅಂಟಿಕೊಳ್ಳುತ್ತದೆ. ನಡುವೆ ಭಾರಿ ಕರೆಂಟ್ ತಾಳುವ ಸ್ವಿಚ್, ಕಾಂಟ್ಯಾಕ್ಟರ್, ಇರಲಿ. ಗೀಸರಿಗೂ 16 ಆಂಪಿಯರಿನ ಪ್ರತ್ಯೇಕ ಲೈನ್ ಎಳೆಸಿ.

ಪೈಪ್ ಕೂರಿಸಿ ಮುಗಿದ ದಿನ, ಗಾರೆಯವರು ಬರುವುದಕ್ಕೆ ಮುಂಚೆ, ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಅಳತೆ ಟೇಪನ್ನು ನೆಲದಿಂದ ಮೇಲಕ್ಕೆ ಹಿಡಿದು ತೆಗೆಯಿರಿ, ಪೈಪ್ ಎಷ್ಟು ಎತ್ತರದಲ್ಲಿ ಹೋಗಿದೆ ಎಂದು ಕಾಣಬೇಕು. ಖಾಲಿ ಪೈಪುಗಳಲ್ಲಿ ಎಳೆಯುವ ತಂತಿ ಹಾಕಿ ಎರಡೂ ತುದಿ ಕಟ್ಟಿಸಿ, ಇಲ್ಲದಿದ್ದರೆ ಸಿಮೆಂಟ್ ಇಳಿದು ಕಟ್ಟಿಕೊಳ್ಳುತ್ತದೆ. ಆ ಫೋಟೊಗಳನ್ನು ಎರಡು ಮೂರು ಜನರ ಮೊಬೈಲಿನಲ್ಲಿ ಇಡಿ.